ನಾರಾಯಣಗಾಂವದ ದ್ರಾಕ್ಷಿ, ರೀಮ್ಸ್ ನಗರದ ವಿದ್ಯೆ

ಪುಣೆ–ನಾಸಿಕ ಮಾರ್ಗದಲ್ಲಿ ಸಂಚರಿಸುವ ಕನ್ನಡಿಗರಿಗೆ ನಾರಾಯಣಗಾಂವದ ದ್ರಾಕ್ಷಿ ತೋಟಗಳು ಚಿರಪರಿಚಿತ. ಆದರೆ ಈ ಊರಿಗೂ ಫ್ರಾನ್ಸಿನ ಒಂದು ಪುರಾತನ ಶಾಂಪೇನ್ ಮನೆತನಕ್ಕೂ ಇದ್ದ ನಂಟು ಅನೇಕರಿಗೆ ತಿಳಿದಿರಲಾರದು.

ಆ ಮನೆತನವೇ ಪೈಪರ್-ಹೈಡ್‌ಸಿಕ್. 1785ರಲ್ಲಿ ಫ್ಲೋರೆನ್ಸ್-ಲೂಯಿ ಹೈಡ್‌ಸಿಕ್ ಇದನ್ನು ರೀಮ್ಸ್ ನಗರದಲ್ಲಿ ಸ್ಥಾಪಿಸಿದನು. ರಾಣಿ ಮೇರಿ ಆಂಟೊಯ್ನೆಟ್‌ಗೆ ಆತನೇ ತನ್ನ ಪಾನೀಯವನ್ನು ಅರ್ಪಿಸಿದನೆಂಬ ಪ್ರತೀತಿಯಿದೆ. 1980ರ ದಶಕದಲ್ಲಿ ಶ್ಯಾಮರಾವ್ ಚೌಗುಲೆಯವರ ಇಂಡೇಜ್ ಸಂಸ್ಥೆಯು ಈ ಮನೆತನದ ತಾಂತ್ರಿಕ ನೆರವು ಪಡೆದು, ನಾರಾಯಣಗಾಂವದಲ್ಲಿ ‘ಒಮರ್ ಖಯ್ಯಾಮ್’ ಎಂಬ ನೊರೆವೈನನ್ನು ತಯಾರಿಸಿ ಯುರೋಪಿಗೂ ರಫ್ತು ಮಾಡಿತು.

ಈ ವಿದ್ಯೆಯ ಮೂಲಗುಣ ತಾಳ್ಮೆ. ಸಿದ್ಧ ವೈನಿಗೆ ಸಕ್ಕರೆ, ಯೀಸ್ಟ್ ಬೆರೆಸಿ ಸೀಸೆಯಲ್ಲಿಯೇ ಮರುಹುದುಗು ಬರಿಸುತ್ತಾರೆ. ಅಲ್ಲಿ ಬಂಧಿಯಾದ ಅನಿಲವೇ ನೊರೆಯಾಗುತ್ತದೆ. ಸೀಸೆಗಳನ್ನು ದಿನದಿನವೂ ತುಸು ತಿರುಗಿಸಿ ಗಸಿಯನ್ನು ಕತ್ತಿಗಿಳಿಸಿ ಹೊರತೆಗೆಯುತ್ತಾರೆ. ಶಾಂಪೇನ್ ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿ ಮಾಗಲೇಬೇಕು.

ವಿಧಾನ ಒಂದೇ ಆದರೂ ನಾರಾಯಣಗಾಂವದ ಸೀಸೆಗೆ ‘ಶಾಂಪೇನ್’ ಎಂಬ ಹೆಸರು ಸಲ್ಲದು. ಇಳಕಲ್ ಸೀರೆಗೆ ಇಳಕಲ್ಲೇ ತವರಾದಂತೆ, ಆ ಹೆಸರು ಶಾಂಪೇನ್ ಪ್ರಾಂತಕ್ಕೇ ಮೀಸಲು.

ವಿದೇಶಗಳಲ್ಲಿ ವೇಗವಾಗಿ ವಿಸ್ತರಿಸಿದ ಇಂಡೇಜ್, 2008ರ ಜಾಗತಿಕ ಆರ್ಥಿಕ ಬಿಕ್ಕಟ್ಟಿನ ತರುವಾಯ ಸಾಲದ ಹೊರೆಯಲ್ಲಿ ಕುಸಿದು ಮುಚ್ಚಿಹೋಯಿತು. ರೀಮ್ಸ್‌ನ ಮನೆತನವಾದರೋ ಒಡೆತನ ಬದಲಾದರೂ ಇಂದಿಗೂ ಉಳಿದಿದೆ. ಸೀಸೆಗೆ ಬೇಕಾದ ತಾಳ್ಮೆ ಲೆಕ್ಕಪುಸ್ತಕಕ್ಕೂ ಬೇಕೆಂಬುದನ್ನು, ಬ್ಯಾಂಕಿನಲ್ಲಿ ದುಡಿಯುವ ನನ್ನಂಥವರು ಇಲ್ಲಿ ಗಮನಿಸದಿರಲಾರೆವು. ಆದರೂ ಭಾರತದ ಮಣ್ಣಿನಲ್ಲಿ ಇಂಥದೊಂದು ಪಾನೀಯ ಸಾಧ್ಯವೆಂದು ಮೊದಮೊದಲು ತೋರಿಸಿಕೊಟ್ಟ ಹಿರಿಮೆ ನಮ್ಮ ಪುಣೆ ಜಿಲ್ಲೆಯದೇ.