ಅಗ್ಗದ ಸ್ಯಾಕ್ಸೋಫೋನ್‌: ಮೊದಲು ಯಾವ ಭಾಗ ಬದಲಿಸಬೇಕು?

ಬಂಟ್ವಾಳ: ಪತ್ತನಾಜೆ ಕಳೆದರೆ ತುಳುನಾಡಿನ ವಾದ್ಯಗಾರರಿಗೆ ಬಿಡುವಿನ ಕಾಲ. ಬೇಶ ತಿಂಗಳ 10ನೇ ದಿನ, ಅಂದರೆ ಸಾಮಾನ್ಯವಾಗಿ ಮೇ 24ರ ಸುಮಾರಿಗೆ, ನೇಮ, ಕೋಲ, ಜಾತ್ರೆಗಳಿಗೆ ತೆರೆ ಬೀಳುತ್ತದೆ. ದೀಪಾವಳಿಯ ಆಸುಪಾಸಿನವರೆಗೆ ಕರೆ ಬರುವುದು ವಿರಳ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪರಿಸರದ ಸ್ಯಾಕ್ಸೋಫೋನ್‌ ವಾದಕರಿಗೆ ವಾದ್ಯವನ್ನು ಸರಿಪಡಿಸಿಕೊಳ್ಳಲು ದೊರೆಯುವ ಅವಧಿ ಇದೇ. ಆಗ ತಪ್ಪು ಭಾಗಕ್ಕೆ ಹಣ ಸುರಿದರೆ ಮುಂದಿನ ಋತುವಿನ ದುಡಿಮೆಗೇ ಪೆಟ್ಟು.

ಕರಾವಳಿಯ ಉತ್ಸವ, ಮದುವೆಗಳಲ್ಲಿ ನಾಗಸ್ವರದ ಸ್ಥಾನವನ್ನು ಸ್ಯಾಕ್ಸೋಫೋನ್‌ ಬಹುಪಾಲು ತುಂಬಿದೆ. ಈ ವಾದ್ಯಕ್ಕೆ ಕರ್ನಾಟಕ ಸಂಗೀತದಲ್ಲಿ ಮನ್ನಣೆ ತಂದ ಕದ್ರಿ ಗೋಪಾಲನಾಥ್‌ (1949–2019) ಬಂಟ್ವಾಳ ತಾಲ್ಲೂಕಿನ ಸಜಿಪಮೂಡದವರು. ನಾಗಸ್ವರ ವಿದ್ವಾಂಸರ ಪುತ್ರರಾದ ಅವರನ್ನು ಮೈಸೂರು ಅರಮನೆಯ ಬ್ಯಾಂಡಿನ ಸ್ಯಾಕ್ಸೋಫೋನ್‌ ಸೆಳೆದಿತ್ತು. ಅವರ ಹಾದಿಯಲ್ಲಿ ನಡೆದ ಯುವಕರಿಗೆ ಮೊದಲ ತೊಡಕು ವಾದ್ಯದ ಬೆಲೆ. ಹೆಸರಾಂತ ಜಪಾನ್‌, ಫ್ರಾನ್ಸ್‌ ಕಂಪನಿಗಳ ಆಲ್ಟೊ ಸ್ಯಾಕ್ಸೋಫೋನ್‌ ಸಾಮಾನ್ಯ ಕುಟುಂಬಕ್ಕೆ ನಿಲುಕದು. ಆದ್ದರಿಂದ ಮೀರತ್‌ನಲ್ಲಿ ಅಥವಾ ಚೀನಾದಲ್ಲಿ ತಯಾರಾದ ಅಗ್ಗದ ವಾದ್ಯಗಳೇ ಹಲವರಿಗೆ ಆಸರೆ.

ಮೊದಲು ಸೋರಿಕೆ ತಡೆಯಿರಿ

ವಾದ್ಯದ ಕೊಳವೆಯ ಮೇಲಿರುವ ಇಪ್ಪತ್ತಕ್ಕೂ ಹೆಚ್ಚು ರಂಧ್ರಗಳನ್ನು ಮುಚ್ಚುವುದು ಪ್ಯಾಡ್‌ಗಳು. ರಟ್ಟಿನ ಮೇಲೆ ಫೆಲ್ಟ್‌, ಅದರ ಮೇಲೆ ತೊಗಲು; ಇದು ಪ್ಯಾಡ್‌ನ ರಚನೆ. ಉಸಿರಿನ ತೇವ, ಕರಾವಳಿಯ ಆರ್ದ್ರತೆ ಸೇರಿ ತೊಗಲು ಒರಟಾಗುತ್ತದೆ. ಕೂದಲೆಳೆಯಷ್ಟು ಸಂದು ಉಳಿದರೂ ಕೆಳಸ್ಥಾಯಿಯ ಸ್ವರಗಳು ಒಡೆಯುತ್ತವೆ. ವಾದಕ ಹೆಚ್ಚು ಬಲ ಹಾಕಿ ಊದುತ್ತಾನೆ, ಬೇಗ ದಣಿಯುತ್ತಾನೆ.

ಪರೀಕ್ಷೆ ಸುಲಭ. ಕತ್ತಲೆ ಕೋಣೆಯಲ್ಲಿ ಕೊಳವೆಯೊಳಗೆ ಸಣ್ಣ ದೀಪ ಇಳಿಸಿ ಕೀಲಿಗಳನ್ನು ಮೆಲ್ಲನೆ ಒತ್ತಿದಾಗ ಬೆಳಕು ಎಲ್ಲಿ ಇಣುಕುತ್ತದೋ ಅಲ್ಲಿ ಸೋರಿಕೆ. ಕೆಟ್ಟ ಪ್ಯಾಡ್‌ಗಳನ್ನಷ್ಟೇ ಬದಲಿಸಿದರೂ ಸಾಕು. ಅರಗಿನಿಂದ ಕೂರಿಸುವ ಈ ಕೆಲಸವನ್ನು ನುರಿತವರಿಂದಲೇ ಮಾಡಿಸುವುದು ಲೇಸು. ತುಕ್ಕು ಹಿಡಿದ ಉಕ್ಕಿನ ಸ್ಪ್ರಿಂಗ್‌ಗಳನ್ನೂ ಆಗಲೇ ಬದಲಿಸಬೇಕು. ಮೆರವಣಿಗೆಯ ನಡುವೆ ಸ್ಪ್ರಿಂಗ್‌ ತುಂಡಾದರೆ ಬೇರೆ ದಾರಿಯಿಲ್ಲ. ಕತ್ತಿನ ತುದಿಯ ಕಾರ್ಕ್‌ ಸಡಿಲಾಗಿದ್ದರೆ ಶ್ರುತಿ ನಿಲ್ಲದು. ಇದು ಅಲ್ಪ ವೆಚ್ಚದ ದುರಸ್ತಿ.

ಅನಂತರ ಮೌತ್‌ಪೀಸ್‌

ಸೋರಿಕೆ ನಿಂತ ಮೇಲೆ ನಾದದಲ್ಲಿ ದೊಡ್ಡ ವ್ಯತ್ಯಾಸ ತರುವುದು ಮೌತ್‌ಪೀಸ್‌ ಮತ್ತು ರೀಡ್‌. ಅಗ್ಗದ ವಾದ್ಯದೊಂದಿಗೆ ಬರುವ ಪ್ಲಾಸ್ಟಿಕ್‌ ಮೌತ್‌ಪೀಸ್‌ನ ಅಂಚುಗಳು ಎಷ್ಟೋ ಸಲ ಸಮವಾಗಿರುವುದಿಲ್ಲ. ಉತ್ತಮ ಎಬೊನೈಟ್‌ ಮೌತ್‌ಪೀಸ್‌ ಹಾಕಿದರೆ ಅದೇ ವಾದ್ಯ ಬೇರೆಯಾಗಿ ನುಡಿಯುತ್ತದೆ. ಲೋಹದ್ದೇ ಬೇಕೆಂಬ ಹಟ ಅನಗತ್ಯ; ವಸ್ತುವಿಗಿಂತ ಒಳಗಿನ ಆಕಾರವೇ ಮುಖ್ಯ.

ರೀಡ್‌ನ ತುದಿಗೂ ಮೌತ್‌ಪೀಸ್‌ಗೂ ನಡುವಿನ ಬಿರುಕು ಹಿರಿದಾದಷ್ಟೂ ತುಟಿಯಿಂದ ಸ್ವರವನ್ನು ಬಾಗಿಸಲು, ಗಮಕ ನುಡಿಸಲು ಅವಕಾಶ ಹೆಚ್ಚು. ಆದರೆ ಶ್ರುತಿ ಕಾಯುವ ಹೊಣೆಯೂ ಅಷ್ಟೇ ಹೆಚ್ಚು. ಕಲಿಯುವವರಿಗೆ ಮಧ್ಯಮ ಬಿರುಕು, 2 ಅಥವಾ 2½ ಸಂಖ್ಯೆಯ ರೀಡ್‌ ಸೂಕ್ತ. ಮೂರು ನಾಲ್ಕು ರೀಡ್‌ಗಳನ್ನು ಸರದಿಯಲ್ಲಿ ಬಳಸಿದರೆ ಅವು ಹೆಚ್ಚು ಕಾಲ ಬಾಳುತ್ತವೆ.

ಯಾವುದಕ್ಕೆ ಹಣ ಬೇಡ?

ಹೊಸ ಮೆರುಗು, ಚಿನ್ನದ ಬಣ್ಣದ ಲೇಪ, ಕೆತ್ತನೆಗಳಿಂದ ನಾದ ಸುಧಾರಿಸದು. ರಂಧ್ರಗಳ ಸ್ಥಾನವೇ ತಪ್ಪಿದ್ದರೆ ಯಾವ ಬಿಡಿಭಾಗವೂ ಅದನ್ನು ಪೂರ್ತಿ ಸರಿಪಡಿಸಲಾರದು. ಆದ್ದರಿಂದ ಕೊಳ್ಳುವ ಮೊದಲೇ ಶ್ರುತಿಪೆಟ್ಟಿಗೆಯೊಂದಿಗೆ ಮಧ್ಯ ಷಡ್ಜ, ತಾರ ಷಡ್ಜಗಳನ್ನು ನುಡಿಸಿ ನೋಡಬೇಕು. ಅವು ಕೂಡದಿದ್ದರೆ ಆ ವಾದ್ಯ ಬೇಡ.

ಸುಧಾರಿಸಿದ ವಾದ್ಯ ಉಳಿಯಬೇಕಾದರೆ ನಿತ್ಯದ ಆರೈಕೆ ಬೇಕು. ನುಡಿಸಿದ ಬಳಿಕ ಕೊಳವೆಯೊಳಗೆ ಬಟ್ಟೆ ಎಳೆದು ತೇವ ತೆಗೆಯಬೇಕು, ರೀಡ್‌ ಬಿಚ್ಚಿ ಒಣಗಿಸಬೇಕು, ಪ್ಯಾಡ್‌ಗೆ ಎಣ್ಣೆ ತಾಗದಂತೆ ನೋಡಿಕೊಳ್ಳಬೇಕು. ಮಳೆಗಾಲದಲ್ಲಿ ಕೆಲಸವಿಲ್ಲವೆಂದು ಪೆಟ್ಟಿಗೆಯಲ್ಲೇ ಮುಚ್ಚಿಟ್ಟ ವಾದ್ಯಕ್ಕೆ ಬೂಷ್ಟು ಹಿಡಿಯುತ್ತದೆ. ಆಗ ಮೊದಲ ಜಾತ್ರೆಗೆ ಮುನ್ನವೇ ಮತ್ತೆ ದುರಸ್ತಿಯ ಖರ್ಚು.