ಕಾಣದ ಕರಣಿಕ

ದೊಡ್ಡ ಕಚೇರಿಯೊಂದನ್ನು ಊಹಿಸಿಕೊಳ್ಳಿರಿ. ನೂರಾರು ನೌಕರರು ತಮ್ಮ ತಮ್ಮ ಮೇಜಿನ ಮುಂದೆ ಕುಳಿತು ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದಾರೆ. ಅವರು ತಿದ್ದುವ ಕಡತಗಳೆಲ್ಲ ಇರುವುದು ಬೇರೊಂದು ಕೋಣೆಯ ಯಂತ್ರದಲ್ಲಿ. ಒಂದೇ ವೇತನಪಟ್ಟಿಯನ್ನು ಇಬ್ಬರು ಒಂದೇ ವೇಳೆಗೆ ತೆರೆದು ತಿದ್ದತೊಡಗಿದರೆ ಏನಾದೀತು? ಮೊದಲನೆಯವನು ಬರೆದುದನ್ನು ಎರಡನೆಯವನು ತನಗರಿವಿಲ್ಲದೆಯೇ ಅಳಿಸಿಬಿಡುತ್ತಾನೆ. ಯಾರೂ ಸುಳ್ಳು ಬರೆಯಲಿಲ್ಲ, ಯಾರೂ ಕದಿಯಲಿಲ್ಲ. ಆದರೂ ಯಾರದೋ ಒಂದು ತಿಂಗಳ ಸಂಬಳ ಮಾಯವಾಗುತ್ತದೆ. ಆದುದರಿಂದ ಯಾವ ಕಡತವನ್ನು ಯಾರು ತೆರೆದಿದ್ದಾರೆ, ಅದರ ಯಾವ ಭಾಗಕ್ಕೆ ಯಾರು ಬೀಗ ಹಾಕಿದ್ದಾರೆ ಎಂಬುದನ್ನು ಬರೆದಿಡಲು ಒಂದು ಲೆಕ್ಕದ ಪುಸ್ತಕ ಬೇಕಾಗುತ್ತದೆ. ಇಂತಹ ಪುಸ್ತಕವೇ ದತ್ತಸಂಚಯ. ಡೇಟಾಬೇಸ್ ಎಂಬ ಹೆಸರಿನಿಂದ ಅದು ಹೆಚ್ಚು ಪರಿಚಿತ.

ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರದಲ್ಲಿ ಆಂಡ್ರ್ಯೂ ಟ್ರಿಜೆಲ್ ಎಂಬವರು 1992ರಲ್ಲಿ ಹೊರತಂದ ಒಂದು ಪ್ರೋಗ್ರಾಂ ಮುಂದೆ ‘ಸಾಂಬಾ’ ಎಂದು ಪ್ರಸಿದ್ಧವಾಯಿತು. ಯುನಿಕ್ಸ್ ಬಗೆಯ ಯಂತ್ರದಲ್ಲಿರುವ ಕಡತಗಳನ್ನು ವಿಂಡೋಸ್ ಬಳಸುವವರಿಗೂ ಒದಗಿಸಿಕೊಡುವುದು ಅದರ ಕೆಲಸ. ಸಾಂಬಾ ಇಟ್ಟುಕೊಂಡ ಲೆಕ್ಕದ ಪುಸ್ತಕದ ಹೆಸರು ಟಿಡಿಬಿ, ಅಂದರೆ ‘ಟ್ರಿವಿಯಲ್ ಡೇಟಾಬೇಸ್’. ಅಲ್ಪವಾದ ದತ್ತಸಂಚಯ ಎಂದು ಅದರ ಅರ್ಥ. ಹೆಸರಿನಲ್ಲಿ ವಿನಯವಿದ್ದರೂ ಕೆಲಸದಲ್ಲಿ ಅದು ಅಲ್ಪವಾಗಿರಲಿಲ್ಲ.

ಒಂದೇ ಯಂತ್ರವಿದ್ದಷ್ಟು ಕಾಲ ಎಲ್ಲವೂ ಸುಸೂತ್ರವಾಗಿತ್ತು. ಬಳಸುವವರು ಹೆಚ್ಚಿದಂತೆ ಹಲವು ಯಂತ್ರಗಳನ್ನು ಜೋಡಿಸಿ, ಅವೆಲ್ಲವೂ ಒಂದೇ ಕಡತಸಂಗ್ರಹವನ್ನು ಹಂಚಿಕೊಳ್ಳುವಂತೆ ಮಾಡಬೇಕಾಯಿತು. ಇಂತಹ ಯಂತ್ರಸಮೂಹಕ್ಕೆ ಕ್ಲಸ್ಟರ್ ಎನ್ನುತ್ತಾರೆ. ಈಗ ಲೆಕ್ಕದ ಪುಸ್ತಕ ಎಲ್ಲಿರಬೇಕು? ಎಲ್ಲರೂ ತಲುಪಬಹುದಾದ ಆ ಹಂಚಿಕೆಯ ಸಂಗ್ರಹದಲ್ಲೇ ಅದನ್ನೂ ಇಟ್ಟರಾಯಿತು ಎಂಬುದು ಸಹಜವಾಗಿ ಹೊಳೆಯುವ ಉತ್ತರ. ಹಾಗೆ ಮಾಡಿದಾಗ ಲೆಕ್ಕವೇನೋ ಸರಿಯಾಗಿ ನಡೆಯಿತು. ಆದರೆ ವೇಗ ಕುಸಿಯಿತು. ಪ್ರತಿಯೊಂದು ಸಣ್ಣ ನಮೂದಿಗೂ ಯಂತ್ರಗಳು ಒಂದನ್ನೊಂದು ಕಾಯಬೇಕಾಯಿತು. ಕೆಲಸ ಹಗುರಾಗಲೆಂದು ತಂದ ಎತ್ತುಗಳೇ ಬಂಡಿಯನ್ನು ಹಿಂದಕ್ಕೆ ಎಳೆದಂತಾಯಿತು.

ಟ್ರಿಜೆಲ್, ರಾನಿ ಸಾಲ್‌ಬರ್ಗ್ ಮೊದಲಾದವರು 2006–07ರ ಅವಧಿಯಲ್ಲಿ ಇದಕ್ಕೊಂದು ಪರಿಹಾರವನ್ನು ರೂಪಿಸಿದರು. ಅದೇ ಸಿಟಿಡಿಬಿ. ಇದರಲ್ಲಿ ಪ್ರತಿಯೊಂದು ಯಂತ್ರದಲ್ಲಿಯೂ ಒಂದು ‘ಡೀಮನ್’ ಇರುತ್ತದೆ. ಯಾರ ಕಣ್ಣಿಗೂ ಬೀಳದೆ, ಯಾರೂ ಕರೆಯದಿದ್ದರೂ, ಹಿನ್ನೆಲೆಯಲ್ಲಿ ಎಡೆಬಿಡದೆ ದುಡಿಯುವ ಪ್ರೋಗ್ರಾಮಿಗೆ ಈ ಹೆಸರು. 1963ರ ಸುಮಾರಿಗೆ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ತಂತ್ರಜ್ಞರು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪಿಸಿದ ಭೂತದಿಂದ ಈ ಪದವನ್ನು ಎರವಲು ಪಡೆದರು. ಭೂತವೆಂದೊಡನೆ ಬೆಚ್ಚಬೇಕಾಗಿಲ್ಲ, ತುಳುನಾಡಿನವರು ಭೂತವೆಂದು ಕರೆದು ನಂಬುವುದು ಊರನ್ನು ಕಾಯುವ ಶಕ್ತಿಯನ್ನೇ ಅಲ್ಲವೆ? ನಮ್ಮ ಡೀಮನ್ನನ್ನು ಕಣ್ಣಿಗೆ ಕಾಣದ ಕರಣಿಕನೆಂದು ತಿಳಿದರೆ ಸಾಕು.

ಈ ಕರಣಿಕರು ಒಂದೇ ಪುಸ್ತಕಕ್ಕಾಗಿ ಜಗ್ಗಾಡುವುದಿಲ್ಲ. ಪ್ರತಿಯೊಬ್ಬನ ಬಳಿಯೂ ಸ್ವಂತ ಪುಸ್ತಕವಿದೆ. ಒಂದು ದಾಖಲೆಗೆ ಒಂದು ಕಾಲಕ್ಕೆ ಒಬ್ಬನೇ ಒಡೆಯ. ಮತ್ತೊಂದು ಯಂತ್ರಕ್ಕೆ ಆ ದಾಖಲೆ ಬೇಕಾದಾಗ ಅದು ಒಡೆತನದ ಸಮೇತ ಅಲ್ಲಿಗೆ ವಲಸೆ ಹೋಗುತ್ತದೆ. ಪ್ರತಿ ದಾಖಲೆಗೂ ಒಂದು ಕ್ರಮಸಂಖ್ಯೆಯಿದ್ದು, ಯಾವ ಪ್ರತಿ ಹೊಸದೆಂಬುದನ್ನು ಅದು ತಿಳಿಸುತ್ತದೆ. ಒಡೆಯನಾದ ಯಂತ್ರವೇ ಕೆಟ್ಟುಹೋದರೆ? ಇಲ್ಲಿದೆ ಈ ರಚನೆಯ ದಿಟ್ಟತನ. ಆ ಯಂತ್ರ ಕೊನೆಯಲ್ಲಿ ಬರೆದುದು ನಷ್ಟವಾದರೆ ಆಗಲಿ ಎಂದು ನಿರ್ಮಾಪಕರು ನಿರ್ಧರಿಸಿದರು. ದತ್ತಸಂಚಯದ ವಿಷಯದಲ್ಲಿ ಇದು ಅಪಚಾರವೆಂಬಂತೆ ತೋರುತ್ತದೆ. ಆದರೆ ವಿಚಾರಮಾಡಿರಿ: ಕಳೆದುಹೋದ ನಮೂದುಗಳು ಆ ಯಂತ್ರದ ಮೂಲಕ ಕಡತ ತೆರೆದಿದ್ದವರಿಗೆ ಸಂಬಂಧಿಸಿದವು. ಯಂತ್ರ ಬಿದ್ದೊಡನೆ ಅವರ ಸಂಪರ್ಕವೂ ಕಡಿದುಹೋಗುತ್ತದೆ. ಅವರು ಹಾಕಿದ್ದ ಬೀಗಗಳಿಗೆ ಅರ್ಥವೇ ಉಳಿಯುವುದಿಲ್ಲ. ಉಳಿದ ಯಂತ್ರಗಳಲ್ಲಿರುವ ಪ್ರತಿಗಳಲ್ಲಿ ಕ್ರಮಸಂಖ್ಯೆ ಹೆಚ್ಚಿರುವುದನ್ನು ಆಯ್ದುಕೊಂಡು ಪುಸ್ತಕವನ್ನು ಪುನಃ ಕಟ್ಟಿದರಾಯಿತು. ಗುಪ್ತಪದಗಳಂತಹ ಶಾಶ್ವತ ವಿವರಗಳಿಗೆ ಮಾತ್ರ ಈ ಸಡಿಲಿಕೆಯಿಲ್ಲ. ಅವು ಎಲ್ಲ ಯಂತ್ರಗಳಲ್ಲಿಯೂ ಒಟ್ಟಿಗೆ ದಾಖಲಾಗಬೇಕು.

ಯಂತ್ರ ಕೆಟ್ಟಿತೆಂದು ಉಳಿದವುಗಳಿಗೆ ತಿಳಿಯುವುದಾದರೂ ಹೇಗೆ? ಡೀಮನ್‌ಗಳು ಸಾಮಾನ್ಯವಾಗಿ 5 ಸೆಕೆಂಡುಗಳಿಗೊಮ್ಮೆ ‘ಇದ್ದೇನೆ’ ಎಂದು ಪರಸ್ಪರ ಸಂದೇಶ ಕಳುಹಿಸುತ್ತವೆ. ಇಂತಹ 5 ಅವಧಿಗಳು ಉತ್ತರವಿಲ್ಲದೆ ಕಳೆದರೆ ಆ ಯಂತ್ರ ಹೋಯಿತೆಂದೇ ಲೆಕ್ಕ. ಆದರೆ ಉತ್ತರ ಬಾರದಿರುವುದು ಮರಣದ ಲಕ್ಷಣವೇ ಆಗಬೇಕೆಂದಿಲ್ಲ. ನಡುವಣ ತಂತಿ ತುಂಡಾಗಿರಬಹುದು. ಆಗ ಎರಡು ಕಡೆಯವರೂ ಬದುಕಿದ್ದು, ‘ಅವರು ಸತ್ತರು, ನಾವೇ ಉಳಿದವರು’ ಎಂದು ಪರಸ್ಪರ ತಿಳಿಯುತ್ತಾರೆ. ಇಬ್ಬರೂ ಒಂದೇ ಕಡತಕ್ಕೆ ಬೀಗ ಹಾಕಿ ಬರೆಯತೊಡಗಿದರೆ ಮೊದಲು ಹೇಳಿದ ವೇತನಪಟ್ಟಿಯ ಗತಿಯೇ ಆಗುತ್ತದೆ. ಇದನ್ನು ತಡೆಯಲು ಹಂಚಿಕೆಯ ಸಂಗ್ರಹದಲ್ಲಿ ಒಂದು ವಿಶೇಷ ಬೀಗವನ್ನು ಇರಿಸಬಹುದು. ಅದು ಕೈಗೆ ಸಿಕ್ಕಿದ ಪಕ್ಷದ ಮುಂದಾಳು ಮಾತ್ರ ಪುಸ್ತಕವನ್ನು ಪುನಃ ಕಟ್ಟಬಹುದು. ಸಿಗದ ಪಕ್ಷ ಸೇವೆಯಿಂದ ಹಿಂದೆ ಸರಿಯಬೇಕು. ಅವಿಭಕ್ತ ಕುಟುಂಬದಲ್ಲಿ ಕಣಜದ ಕೀಲಿಕೈ ಒಂದೇ ಇರುತ್ತಿದ್ದುದು ಇದೇ ಕಾರಣಕ್ಕಾಗಿ.

ಇಂತಹ ಡೀಮನ್ನಿನಲ್ಲಿ ದೋಷ ಕಂಡುಬಂದಾಗ ಅದನ್ನು ಹುಡುಕುವುದು, ನನ್ನ ಎಣಿಕೆಯಲ್ಲಿ, ಅದನ್ನು ಬರೆಯುವುದಕ್ಕಿಂತ ಕಠಿನ. ಪ್ರತಿಯೊಂದು ಯಂತ್ರವೂ ನಡೆದುದನ್ನೆಲ್ಲ ತನ್ನ ದಿನಚರಿಯಲ್ಲಿ ಬರೆದಿಡುತ್ತದೆಯಾದರೂ ಅವುಗಳ ಗಡಿಯಾರಗಳು ಕೂದಲೆಳೆಯಷ್ಟಾದರೂ ಹಿಂದುಮುಂದಾಗಿರುತ್ತವೆ. ಯಾವ ಘಟನೆ ಮೊದಲು, ಯಾವುದು ಅನಂತರ ಎಂಬುದನ್ನು ಗಡಿಯಾರದಿಂದಲ್ಲ, ಯಾವ ಸಂದೇಶ ಯಾವುದಕ್ಕೆ ಕಾರಣವಾಯಿತೆಂಬುದರಿಂದ ನಿರ್ಣಯಿಸಬೇಕೆಂದು ಲೆಸ್ಲಿ ಲ್ಯಾಂಪೋರ್ಟ್ 1978ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದರು. ಕೆಲವು ದೋಷಗಳಂತೂ ನೋಡಹೋದರೆ ಅಡಗುತ್ತವೆ. ದಿನಚರಿಗೆ ನಾಲ್ಕು ಸಾಲು ಹೆಚ್ಚಾಗಿ ಬರೆಯಿಸಿದರೆ ಸಾಕು, ಕೆಲಸದ ವೇಳೆ ತುಸು ಬದಲಾಗಿ ದೋಷವೇ ಕಾಣದಾಗುತ್ತದೆ!

ಡೀಮನ್ ಯಾವುದೇ ಬೀಗಕ್ಕಾಗಿ ಸುಮ್ಮನೆ ಕಾಯುತ್ತ ನಿಲ್ಲುವಂತಿಲ್ಲ. ನಿಂತರೆ ‘ಇದ್ದೇನೆ’ ಎನ್ನುವ ಸಂದೇಶವೂ ನಿಲ್ಲುತ್ತದೆ. ಬದುಕಿರುವವನನ್ನು ಸತ್ತವನೆಂದು ನೆರೆಯವರು ಬಗೆಯುತ್ತಾರೆ. ಆದುದರಿಂದ ಕಾಯುವ ಕೆಲಸವನ್ನು ಅದು ಬೇರೊಂದು ಸಹಾಯಕ ಪ್ರೋಗ್ರಾಮಿಗೆ ಒಪ್ಪಿಸುತ್ತದೆ. ಬೀಗ ಬಹಳ ಹೊತ್ತು ಸಿಗದಿದ್ದರೆ, ಅದನ್ನು ಹಿಡಿದಿರುವವರು ಯಾರು, ಅವರು ಆ ಗಳಿಗೆಯಲ್ಲಿ ಏನು ಮಾಡುತ್ತಿದ್ದರು ಎಂಬುದನ್ನು ಬರೆದಿಡುವ ಏರ್ಪಾಡೂ ಇದೆ. ಹೊಸ ಮಾರ್ಪಾಡನ್ನು ಪರೀಕ್ಷಿಸಲು ಹಲವು ಯಂತ್ರಗಳನ್ನು ಕೊಳ್ಳಬೇಕಾಗಿಲ್ಲ. ಒಂದೇ ಯಂತ್ರದಲ್ಲಿ ಹಲವು ಡೀಮನ್‌ಗಳನ್ನು ನಡೆಯಿಸಿ, ನಡುವೆಯೇ ಒಂದನ್ನು ಬೇಕೆಂದು ಕೊಂದು, ಉಳಿದವು ಹೇಗೆ ಚೇತರಿಸಿಕೊಳ್ಳುತ್ತವೆಂದು ನೋಡಬಹುದು.

ಇಷ್ಟಾದರೂ ಒಂದು ಸಂದೇಹ ಉಳಿಯುತ್ತದೆ. ಹಂಚಿಕೆಯ ಸಂಗ್ರಹದ ಬೀಗವೇ ಹುಸಿಯಾಗಿದ್ದರೆ? ಇಬ್ಬರಿಗೂ ಏಕಕಾಲದಲ್ಲಿ ‘ಬೀಗ ನಿನ್ನದೇ’ ಎಂದರೆ? ಇದನ್ನು ಪರೀಕ್ಷಿಸಲು ಟ್ರಿಜೆಲ್ ‘ಪಿಂಗ್‌ಪಾಂಗ್’ ಎಂಬ ಪುಟ್ಟ ಪ್ರೋಗ್ರಾಂ ಬರೆದರು. ಒಂದೇ ಕಡತದ ಕೆಲವು ಬೈಟುಗಳಿಗೆ ಸುತ್ತುಸುತ್ತಾಗಿ ಬೀಗ ಹಾಕುವುದು, ತೆಗೆಯುವುದು, ಸೆಕೆಂಡಿಗೆ ಎಷ್ಟು ಸಲ ಹಾಗೆ ಮಾಡಿತೆಂದು ಹೇಳುವುದು, ಇಷ್ಟೇ ಅದರ ಕೆಲಸ. ಒಂದು ಯಂತ್ರದಲ್ಲಿ ನಡೆಸಿದಾಗ ಸಂಖ್ಯೆ ದೊಡ್ಡದಾಗಿರುತ್ತದೆ. ಎರಡನೆಯ ಯಂತ್ರದಲ್ಲಿಯೂ ಆರಂಭಿಸಿದೊಡನೆ ಅದು ತಟ್ಟನೆ ಇಳಿಯಬೇಕು. ಏಕೆಂದರೆ ಈಗ ಒಂದು ಇನ್ನೊಂದನ್ನು ನಿಜವಾಗಿ ಕಾಯುತ್ತಿದೆ. ಇಳಿಯದಿದ್ದರೆ ‘ನಮ್ಮ ವ್ಯವಸ್ಥೆ ಎಷ್ಟು ವೇಗವಾಗಿದೆ!’ ಎಂದು ಹಿಗ್ಗುವಂತಿಲ್ಲ. ಬೀಗ ಸುಳ್ಳಾಗಿರುವ ಸಂಭವವೇ ಹೆಚ್ಚು. ಇನ್ನೊಂದು ಬಗೆಯಲ್ಲಿ ನಡೆಸಿದಾಗ ಈ ಪ್ರೋಗ್ರಾಂ ಪ್ರತಿ ಬೈಟಿನಲ್ಲಿರುವ ಎಣಿಕೆಯನ್ನು ಓದಿ, ಒಂದನ್ನು ಕೂಡಿಸಿ, ಮರಳಿ ಬರೆಯುತ್ತದೆ. ಹಿಂದಿನ ಸುತ್ತಿಗಿಂತ ಎಣಿಕೆ ಎಷ್ಟು ಏರಿದೆಯೆಂದು ತೋರಿಸುತ್ತದೆ. ಒಂದು ಯಂತ್ರವಿದ್ದಾಗ ಏರಿಕೆ 1 ಇರಬೇಕು, ಎರಡಿದ್ದಾಗ 2, ಮೂರಿದ್ದಾಗ 3. ಮೂರು ಯಂತ್ರಗಳು ನಡೆಯುತ್ತಿರುವಾಗ ಪರದೆಯ ಮೇಲೆ 2 ಎಂದು ಕಂಡರೆ, ಯಾರೋ ಒಬ್ಬರ ಬರಹವನ್ನು ಮತ್ತೊಬ್ಬರು ಅಳಿಸಿದ್ದಾರೆಂದು ತಿಳಿದು, ಪರೀಕ್ಷೆ ಮಾಡುವವರು ಆ ಸಂಗ್ರಹದ ಮೇಲೆ ಸಾಂಬಾವನ್ನು ನಡೆಸುವ ಮಾತನ್ನೇ ಅಲ್ಲಿಗೆ ನಿಲ್ಲಿಸುತ್ತಾರೆ.