ಬಾಕಿಯುಳಿದ ಬಳುವಳಿ: ಒಬ್ಬ ಫ್ರೆಂಚ್ ಪ್ರಭುವಿನ ಸಂಸಾರ

ಅರಸರ ಚರಿತ್ರೆಯನ್ನು ಓದುವಾಗ ನಾವು ಯುದ್ಧಗಳನ್ನೂ ಸಂಧಿಗಳನ್ನೂ ಲೆಕ್ಕವಿಡುತ್ತೇವೆ. ಅವರ ಅಂತಃಪುರದ ಕಡೆಗೆ ನಮ್ಮ ದೃಷ್ಟಿ ಹರಿಯುವುದು ಅಪರೂಪ. ಹೊರಗೆ ಜಯಭೇರಿಯನ್ನು ಹೊಡೆಯಿಸಿದ ವೀರನು ಒಳಗೆ ಎಂತಹ ಗೃಹಸ್ಥನಾಗಿದ್ದನೆಂಬುದನ್ನು ವಿಚಾರಿಸುವವರು ಕಡಮೆ. ಆದರೆ ಕೆಲವು ವಂಶಗಳ ಏಳುಬೀಳುಗಳ ಕಾರಣವನ್ನು ಹುಡುಕುತ್ತ ಹೋದರೆ, ನಾವು ರಣರಂಗವನ್ನು ಬಿಟ್ಟು ಊಟದ ಮನೆಗೇ ಬಂದು ನಿಲ್ಲಬೇಕಾಗುತ್ತದೆ. ಸುಮಾರು ಆರುನೂರೈವತ್ತು ವರ್ಷಗಳ ಹಿಂದೆ ಫ್ರಾನ್ಸಿನ ದಕ್ಷಿಣದಲ್ಲಿ, ಪಿರಿನೀಸ್ ಪರ್ವತಗಳ ತಪ್ಪಲಿನಲ್ಲಿ ಆಳಿದ ಗ್ಯಾಸ್ಟನ್ ಫೀಬಸ್ ಎಂಬ ಪ್ರಭುವಿನ ಸಂಸಾರದ ಕಥೆ ಅಂತಹುದು. ಅದನ್ನು ನಮ್ಮ ವಾಚಕರ ಮುಂದೆ ಇಡುತ್ತೇವೆ.

ಈತನು ಹುಟ್ಟಿದುದು ೧೩೩೧ರಲ್ಲಿ. ತಂದೆಯು ಸ್ಪೇನಿನ ಯುದ್ಧಕ್ಕೆ ಹೋಗಿ ೧೩೪೩ರಲ್ಲಿ ಅಲ್ಲಿಯೇ ಮಡಿಯಲು, ಹನ್ನೆರಡು ವರ್ಷದ ಬಾಲಕನಿಗೆ ಫ್ವಾ ಮತ್ತು ಬೆಯಾರ್ನ್ ಎಂಬ ಎರಡು ಸೀಮೆಗಳ ಒಡೆತನವು ಬಂದಿತು. ತಾಯಿ ಎಲಿಯನೋರಳು ಮಗನ ಪರವಾಗಿ ಕೆಲವು ಕಾಲ ರಾಜ್ಯಭಾರವನ್ನು ನಡೆಸಿದಳು. ಹುಡುಗನು ಬುದ್ಧಿವಂತ, ಧೈರ್ಯಶಾಲಿ, ನೋಡಲು ಸ್ಫುರದ್ರೂಪಿ. ಫೀಬಸ್ ಎಂದರೆ ಸೂರ್ಯದೇವ; ಆ ಹೆಸರನ್ನು ತಾನೇ ಇಟ್ಟುಕೊಂಡು ಕಾಗದಪತ್ರಗಳಿಗೂ ಅದೇ ಹೆಸರಿನಲ್ಲಿ ಸಹಿ ಹಾಕುತ್ತಿದ್ದನು. ೧೩೪೭ರಲ್ಲಿ, ಇನ್ನೂ ಹದಿನಾರು ವರ್ಷದವನಾಗಿರುವಾಗಲೇ, ಬೆಯಾರ್ನ್ ಸೀಮೆಯನ್ನು ತಾನು ದೇವರಿಂದ ಪಡೆದಿರುವೆನೇ ಹೊರತು ಯಾವ ಮನುಷ್ಯನಿಂದಲೂ ಅಲ್ಲವೆಂದು ಫ್ರಾನ್ಸಿನ ದೊರೆಯ ಪ್ರತಿನಿಧಿಗೆ ಹೇಳಿ ಕಳುಹಿದನು. ಯಾರಿಗೂ ತಲೆಬಾಗದ ಈ ಸ್ವಭಾವವು ರಾಜ್ಯಕ್ಕೆ ಒಳ್ಳೆಯದನ್ನೇ ಮಾಡಿತು. ಫ್ರಾನ್ಸಿಗೂ ಇಂಗ್ಲೆಂಡಿಗೂ ನಡೆಯುತ್ತಿದ್ದ ದೀರ್ಘಯುದ್ಧದಲ್ಲಿ ಸುತ್ತಲಿನ ಸೀಮೆಗಳು ಸುಟ್ಟುಹೋಗುತ್ತಿದ್ದಾಗ ಬೆಯಾರ್ನಿನ ರೈತನು ತನ್ನ ಹೊಲವನ್ನು ತಾನು ಉಳುತ್ತಿದ್ದನು. ಅದೇ ಸ್ವಭಾವವು ಮನೆಯಲ್ಲಿ ಏನು ಮಾಡಿತೆಂಬುದನ್ನು ಮುಂದೆ ನೋಡೋಣ.

೧೩೪೯ನೆಯ ಆಗಸ್ಟ್ ತಿಂಗಳಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಆತನಿಗೆ ಪ್ಯಾರಿಸ್ ನಗರದಲ್ಲಿ ವಿವಾಹವಾಯಿತು. ವಧುವು ಪರ್ವತದ ಆಚೆಯ ನವಾರ್ ರಾಜ್ಯದ ರಾಜಪುತ್ರಿ ಆಗ್ನೆಸ್. ಸಂಬಂಧವು ಬಹಳ ದೊಡ್ಡದು. ಆಕೆಯ ತಾಯಿ ಸ್ವತಂತ್ರ ರಾಣಿ. ಅಕ್ಕ ಬ್ಲಾಂಷಳು ಮರುವರ್ಷವೇ ಫ್ರಾನ್ಸಿನ ದೊರೆಯ ಕೈಹಿಡಿದಳು. ಮದುವೆಯ ಮಾತುಕತೆಯಲ್ಲಿ ಇಷ್ಟು ಹಣ, ಇಷ್ಟು ವಾರ್ಷಿಕ ಆದಾಯವೆಂದು ಬಳುವಳಿಯು ಗೊತ್ತಾಯಿತು. ಕೂಡಲೇ ಬಂದುದು ಅದರಲ್ಲಿ ಒಂದು ಪಾಲು ಮಾತ್ರ. ಮದುವೆಯಾಗಿ ಎರಡು ತಿಂಗಳು ಕಳೆಯುವಷ್ಟರಲ್ಲಿ ಅತ್ತೆಯಾದ ರಾಣಿಯು ತೀರಿಕೊಂಡಳು. ಉಳಿದ ಬಾಕಿಯನ್ನು ತೀರಿಸುವ ಹೊಣೆ ಆಗ್ನೆಸಳ ಅಣ್ಣನಾದ ಚಾರ್ಲ್ಸ್ ದೊರೆಯ ಮೇಲೆ ಬಿದ್ದಿತು. ಚರಿತ್ರೆಯಲ್ಲಿ ‘ದುಷ್ಟ ಚಾರ್ಲ್ಸ್’ ಎಂದೇ ಹೆಸರಾದ ಈತನಿಗೆ ಸಾಲವನ್ನು ತೀರಿಸುವ ಅಭ್ಯಾಸವಿರಲಿಲ್ಲ.

ಹೀಗೆ ಹದಿಮೂರು ವರ್ಷಗಳು ಕಳೆದುವು. ಮೊದಲು ಹುಟ್ಟಿದ ಮಗು ಉಳಿಯಲಿಲ್ಲ. ೧೩೬೨ರಲ್ಲಿ ಒಂದು ಗಂಡು ಮಗು ಹುಟ್ಟಿತು. ಅದಕ್ಕೂ ಗ್ಯಾಸ್ಟನ್ ಎಂದೇ ಹೆಸರಿಟ್ಟರು. ಅದೇ ವರ್ಷ ಡಿಸೆಂಬರ್ ೫ರಂದು ಲೋನಾಕ್ ಎಂಬಲ್ಲಿ ಫೀಬಸನು ತನ್ನ ವಂಶದ ಹಗೆಯಾದ ಆರ್ಮಾನ್ಯಾಕ್ ಪ್ರಭುವನ್ನು ಸೋಲಿಸಿ, ಅವನನ್ನೂ ಅವನ ಕಡೆಯ ಅನೇಕ ದೊರೆಮಕ್ಕಳನ್ನೂ ಸೆರೆಹಿಡಿದನು. ಅವರ ಬಿಡುಗಡೆಗಾಗಿ ಬಂದ ಹಣದಿಂದ ಒರ್ತೆಜ್ ಪಟ್ಟಣದ ಮೊಂಕಾಡ್ ಕೋಟೆಯ ಬೊಕ್ಕಸವು ತುಂಬಿ ಹರಿಯಿತು. ವಂಶೋದ್ಧಾರಕನಾದ ಮಗನೂ ದೊರೆತನು, ವಿಜಯವೂ ದೊರೆಯಿತು. ಮನುಷ್ಯನಿಗೆ ಇನ್ನೇನು ಬೇಕು? ಆ ವರ್ಷದ ಕೊನೆಯಲ್ಲಿಯೇ ಆಗ್ನೆಸಳು, ಕೆಲವೇ ತಿಂಗಳ ಕೂಸನ್ನು ಗಂಡನ ಮನೆಯಲ್ಲಿ ಬಿಟ್ಟು ತವರಿಗೆ ಹೋದಳು. ಮತ್ತೆ ಹಿಂದಿರುಗಲಿಲ್ಲ.

ಏಕೆ ಹೋದಳು? ಇದಕ್ಕೆ ಎರಡು ಉತ್ತರಗಳಿವೆ. ಆ ಕಾಲದ ಪ್ರಸಿದ್ಧ ಬಖೈರುಕಾರನಾದ ಫ್ರ್ವಾಸಾರನು ತಾನು ಕೇಳಿದುದನ್ನು ಹೀಗೆ ಬರೆದಿಟ್ಟಿದ್ದಾನೆ: ಸೆರೆಸಿಕ್ಕ ಒಬ್ಬ ಪ್ರಭುವಿನ ಬಿಡುಗಡೆಯ ಹಣ ಐವತ್ತು ಸಾವಿರ ಫ್ರಾಂಕುಗಳಿಗೆ ಚಾರ್ಲ್ಸನು ಜಾಮೀನು ನಿಂತಿದ್ದನು; ಅದನ್ನು ತರಲು ಫೀಬಸನು ಹೆಂಡತಿಯನ್ನೇ ಅಣ್ಣನ ಬಳಿಗೆ ಕಳುಹಿದನು; ಆ ಹಣವು ತಂಗಿಗೇ ಸಲ್ಲತಕ್ಕದ್ದೆಂದು ಹೇಳಿ ಅಣ್ಣನು ಕೊಡಲಿಲ್ಲ; ಬರಿಗೈಯಲ್ಲಿ ಹಿಂದಿರುಗಲು ಹೆದರಿ ಆಕೆಯು ತವರಿನಲ್ಲಿಯೇ ಉಳಿದಳು. ಆದರೆ ಯುದ್ಧವೂ ಆಗ್ನೆಸಳ ನಿರ್ಗಮನವೂ ಒಂದೇ ತಿಂಗಳಲ್ಲಿ ನಡೆದಿರುವುದರಿಂದ ಇಷ್ಟೆಲ್ಲ ವ್ಯವಹಾರಕ್ಕೆ ಅವಕಾಶವೆಲ್ಲಿ? ಬಳುವಳಿಯ ಬಾಕಿ ಬರಲಿಲ್ಲವೆಂದು ಫೀಬಸನೇ ಹೆಂಡತಿಯನ್ನು ಹೊರಡಿಸಿದನೆಂಬುದು ಈಗಿನ ಚರಿತ್ರಕಾರರ ಅಭಿಪ್ರಾಯ. ಯಾವುದನ್ನು ನಂಬಿದರೂ ಸಾರಾಂಶವೊಂದೇ. ಗಂಡನಿಗೂ ಅಣ್ಣನಿಗೂ ನಡುವೆ ಹಣದ ಲೆಕ್ಕವಿತ್ತು. ಆ ಲೆಕ್ಕದಲ್ಲಿ ಹೆಣ್ಣುಮಗಳೊಬ್ಬಳು ಇತ್ತ ಮನೆಗೂ ಇಲ್ಲದೆ ಅತ್ತ ಮನೆಗೂ ಇಲ್ಲದೆ ಹೋದಳು.

ಇದರ ಪರಿಣಾಮವನ್ನು ಫೀಬಸನು ಆಗ ಊಹಿಸಿದ್ದಂತೆ ಕಾಣುವುದಿಲ್ಲ. ಧರ್ಮಪೀಠದ ಕಟ್ಟಳೆಯಂತೆ, ವಿವಾಹಿತ ಪತ್ನಿಯು ಜೀವದಿಂದಿರುವಾಗ ಪುರುಷನು ಮತ್ತೊಬ್ಬಳನ್ನು ಮದುವೆಯಾಗುವಂತಿರಲಿಲ್ಲ. ಆತನಿಗೆ ಬೇರೆ ಸ್ತ್ರೀಯರಲ್ಲಿ ಇವೇನ್, ಗ್ರಾಸಿಯನ್ ಮೊದಲಾದ ಮಕ್ಕಳಿದ್ದರು. ಅವರನ್ನು ಪ್ರೀತಿಯಿಂದಲೇ ಸಾಕಿದನು. ಆದರೆ ಅವರಿಗೆ ಪಟ್ಟದ ಹಕ್ಕಿಲ್ಲ. ಹೀಗಾಗಿ ಅಷ್ಟು ದೊಡ್ಡ ರಾಜ್ಯದ ಭಾರವೆಲ್ಲವೂ ತಾಯಿಯಿಲ್ಲದೆ ಬೆಳೆಯುತ್ತಿದ್ದ ಒಬ್ಬ ಹುಡುಗನ ಮೇಲೆ ನಿಂತಿತು. ೧೩೭೯ರಲ್ಲಿ ಆರ್ಮಾನ್ಯಾಕ್ ಮನೆತನದೊಡನೆ ಸಂಧಿಯಾದಾಗ, ಆ ಮನೆಯ ಹೆಣ್ಣಾದ ಬಿಯಾಟ್ರಿಸಳನ್ನು ಹುಡುಗನಿಗೆ ತಂದುಕೊಂಡರು. ಹಗೆತನವು ಮುಗಿಯಿತು, ಇನ್ನು ಮೊಮ್ಮಕ್ಕಳಾದರೆ ವಂಶವು ನಿಲ್ಲುತ್ತದೆ ಎಂದು ಸೀಮೆಯ ಜನರು ಹಿಗ್ಗಿದರು. ಮರುವರ್ಷವೇ ಅನಾಹುತವಾಯಿತು.

ಫ್ರ್ವಾಸಾರನು ೧೩೮೮ರ ನವೆಂಬರಿನಲ್ಲಿ ಒರ್ತೆಜಿಗೆ ಬಂದು ಸುಮಾರು ಹನ್ನೆರಡು ವಾರ ನಿಂತನು. ಕಾಣಿಕೆಯಾಗಿ ನಾಲ್ಕು ಬೇಟೆನಾಯಿಗಳನ್ನು ತಂದಿದ್ದನು. ನಡುರಾತ್ರಿಯಲ್ಲಿ ಹನ್ನೆರಡು ಮಂದಿ ಸೇವಕರು ಹನ್ನೆರಡು ಪಂಜುಗಳನ್ನು ಹಿಡಿದಿರಲು ಪ್ರಭುವು ಊಟಕ್ಕೆ ಕುಳಿತುಕೊಳ್ಳುತ್ತಿದ್ದುದನ್ನೂ, ತಾನು ಪ್ರತಿರಾತ್ರಿಯೂ ಅವನಿಗೆ ಕಾವ್ಯವನ್ನು ಓದಿ ಹೇಳುತ್ತಿದ್ದುದನ್ನೂ ಆತನು ಸವಿಸ್ತಾರವಾಗಿ ಬರೆದಿದ್ದಾನೆ. ಅಂತಹ ಅರಮನೆಯಲ್ಲಿ ಯುವರಾಜನೆಲ್ಲಿ ಎಂದು ಕೇಳಿದರೆ ಮಾತ್ರ ಜನರು ಮಾತನ್ನು ಮರೆಸುತ್ತಿದ್ದರು. ದಾರಿಯಲ್ಲಿ ಜೊತೆಗೆ ಬಂದ ಸರದಾರನು ಎಲ್ಲವನ್ನೂ ಹೇಳಿ, ಇದೊಂದನ್ನು ಹೇಳಲಿಲ್ಲ. ಕಡೆಗೆ ಒಬ್ಬ ವೃದ್ಧ ಪರಿಚಾರಕನು ಗುಟ್ಟನ್ನು ಬಿಚ್ಚಿದನು.

ಆತನು ಹೇಳಿದ ಕಥೆಯಿದು. ಹುಡುಗನು ತಾಯಿಯನ್ನು ನೋಡಬೇಕೆಂದು ನವಾರಿಗೆ ಹೋದನು. ನಮ್ಮೊಡನೆ ಬಾ ಎಂದು ತಾಯಿಯನ್ನು ಬೇಡಿಕೊಂಡನು. ಗಂಡನು ಕರೆಯಿಸಿಕೊಳ್ಳದೆ ಆಕೆಯು ಬರುವುದಾದರೂ ಹೇಗೆ? ಹಿಂದಿರುಗುವ ಮುಂಚೆ ಹುಡುಗನು ಸೋದರಮಾವನ ಬಳಿ ಅಪ್ಪಣೆ ಪಡೆಯಲು ಹೋದಾಗ, ಚಾರ್ಲ್ಸನು ಅವನನ್ನು ಏಕಾಂತಕ್ಕೆ ಕರೆದು ಒಂದು ಸಣ್ಣ ಚೀಲವನ್ನು ಕೈಯಲ್ಲಿಟ್ಟನು. ಇದರಲ್ಲಿರುವ ಪುಡಿಯನ್ನು ಯಾರಿಗೂ ತಿಳಿಯದಂತೆ ನಿನ್ನ ತಂದೆಯ ಆಹಾರದ ಮೇಲೆ ಚಿಮುಕಿಸು. ಅವನ ಮನಸ್ಸು ತಿರುಗಿ ನಿನ್ನ ತಾಯಿಯನ್ನು ಮನೆಗೆ ಕರೆಯಿಸಿಕೊಳ್ಳುವನು ಎಂದು ಹೇಳಿದನು. ಹುಡುಗನು ನಂಬಿದನು. ಚೀಲವನ್ನು ಅಂಗಿಯೊಳಗೆ ಕಟ್ಟಿಕೊಂಡು ಒರ್ತೆಜಿಗೆ ಬಂದನು.

ಅಣ್ಣತಮ್ಮಂದಿರಂತೆ ಒಟ್ಟಿಗೆ ಮಲಗುತ್ತಿದ್ದ ಇವೇನನ ಕಣ್ಣಿಗೆ ಆ ಚೀಲವು ಬಿದ್ದಿತು. ಮುಂದೆ ಚೆಂಡಾಟದಲ್ಲಿ ಇಬ್ಬರಿಗೂ ಜಗಳವಾಗಿ ಹುಡುಗನು ಇವೇನನ ಕೆನ್ನೆಗೆ ಹೊಡೆಯಲು, ಅವನು ಅಳುತ್ತ ಹೋಗಿ ತಂದೆಗೆ ವಿಷಯವನ್ನು ತಿಳಿಸಿಬಿಟ್ಟನು. ತಂದೆಗೆ ಊಟವನ್ನು ಬಡಿಸಿ ಮೊದಲು ರುಚಿನೋಡುವುದು ಯುವರಾಜನ ಕೆಲಸ. ಅಂದಿನ ಊಟದಲ್ಲಿ ಮಗನು ಹತ್ತಿರಕ್ಕೆ ಬಂದಾಗ ಫೀಬಸನು ಚೀಲದ ದಾರವನ್ನು ಕತ್ತರಿಸಿ, ಪುಡಿಯನ್ನು ರೊಟ್ಟಿಯ ತುಂಡಿನ ಮೇಲೆ ಹಾಕಿ ನಾಯಿಗೆ ಎಸೆದನು. ನಾಯಿಯು ತಿಂದೊಡನೆಯೇ ಹೊರಳಿ ಸತ್ತಿತು. ಮಗನ ಮುಖವು ಬಿಳುಪೇರಿತು; ಒಂದು ಮಾತೂ ಹೊರಡಲಿಲ್ಲ. ಕತ್ತಿಯನ್ನು ಹಿಡಿದು ಎದ್ದ ತಂದೆಯನ್ನು ಸರದಾರರು ಕಾಲುಹಿಡಿದು ತಡೆದರು.

ಹುಡುಗನನ್ನು ಗೋಪುರದ ಕತ್ತಲೆಕೋಣೆಯಲ್ಲಿ ಸೆರೆಯಿಟ್ಟರು. ಅವನ ಸೇವಕರಲ್ಲಿ ಅನೇಕರಿಗೆ ಮರಣದಂಡನೆಯಾಯಿತು. ನಾಡಿನ ಪ್ರಮುಖರು ನೆರೆದು, ಇರುವವನೊಬ್ಬನೇ ಉತ್ತರಾಧಿಕಾರಿ, ಅವನ ಪ್ರಾಣವನ್ನುಳಿಸಬೇಕೆಂದು ಕಣ್ಣೀರಿಟ್ಟು ಬೇಡಿದರು. ಪ್ರಭುವಿನ ಮನಸ್ಸು ಕರಗುತ್ತ ಬಂದಿತ್ತಂತೆ. ಆದರೆ ಹುಡುಗನು ಅನ್ನವನ್ನು ಮುಟ್ಟುತ್ತಿರಲಿಲ್ಲ. ತಂದಿಟ್ಟ ತಟ್ಟೆಗಳು ಹಾಗೆಯೇ ಉಳಿಯುತ್ತಿದ್ದುವು. ಈ ಸುದ್ದಿಯು ತಲುಪಿದಾಗ ಫೀಬಸನು ಸಣ್ಣ ಚಾಕುವಿನಿಂದ ಉಗುರುಗಳನ್ನು ತೆಗೆದುಕೊಳ್ಳುತ್ತಿದ್ದನು. ಅದನ್ನು ಹಿಡಿದುಕೊಂಡೇ ಕೋಣೆಗೆ ನುಗ್ಗಿ, ಏಕೆ ಉಣ್ಣುವುದಿಲ್ಲವೆಂದು ಗದರಿಸುತ್ತ ಮಗನ ಕೊರಳಿಗೆ ಕೈಯನ್ನೊತ್ತಿದನು. ಬೆರಳುಗಳ ಹೊರಗೆ ಕಾಣುತ್ತಿದ್ದ ಚಾಕುವಿನ ಮೊನೆ ಒಂದು ನಾಣ್ಯದ ದಪ್ಪದಷ್ಟು. ಅದು ನರವೊಂದನ್ನು ತಾಗಿತು. ತಂದೆಯು ಹಿಂದಿರುಗಿ ನೋಡದೆ ಹೊರಟುಹೋದನು. ಉಪವಾಸದಿಂದ ಸೊರಗಿದ್ದ ಮಗನು ಗೋಡೆಯ ಕಡೆಗೆ ತಿರುಗಿ ಪ್ರಾಣಬಿಟ್ಟನು. ೧೩೮೦ರ ಆಗಸ್ಟ್ ತಿಂಗಳು. ಹುಡುಗನಿಗೆ ಹದಿನೆಂಟು ತುಂಬಿರಲಿಲ್ಲ.

ಈ ಕಥೆಯಲ್ಲಿ ಸತ್ಯಾಂಶವೆಷ್ಟು ಎಂದು ವಾಚಕರು ಕೇಳಬಹುದು. ಎಂಟು ವರ್ಷಗಳ ತರುವಾಯ ಬಾಯಿಂದ ಬಾಯಿಗೆ ಬಂದ ಮಾತಿದು. ತಂದೆಯ ಮೇಲೆ ಅಸಮಾಧಾನಗೊಂಡಿದ್ದ ಕೆಲವು ಸರದಾರರು ಯುವರಾಜನನ್ನು ಮುಂದಿಟ್ಟುಕೊಂಡು ನಿಜವಾಗಿಯೇ ಒಳಸಂಚನ್ನು ಹೂಡಿದ್ದರೆಂದು ಚರಿತ್ರಕಾರರು ಭಾವಿಸುತ್ತಾರೆ. ಚಾಕುವು ಆಕಸ್ಮಿಕವೋ ಕ್ರೋಧವೋ ಎಂಬುದೂ ಚರ್ಚೆಯ ವಿಷಯವೇ. ಒಬ್ಬನೇ ಮಗನು ತಂದೆಯ ಸೆರೆಯಲ್ಲಿ ಸತ್ತನೆಂಬುದರಲ್ಲಿ ಮಾತ್ರ ಸಂದೇಹವಿಲ್ಲ. ಮತ್ತೊಂದು ಸಂಗತಿಯನ್ನೂ ನಾವು ಗಮನಿಸಬೇಕು. ಆ ಅರಮನೆಯವರು ತಮ್ಮ ಯುವರಾಜನ ಸಾವಿಗೆ ಕಾರಣವನ್ನು ಹೇಳಿಕೊಂಡಾಗ, ಅವನು ರಾಜ್ಯಲೋಭದಿಂದ ಕೆಟ್ಟನೆಂದು ಹೇಳಲಿಲ್ಲ. ಅಗಲಿದ ತಂದೆತಾಯಿಗಳನ್ನು ಒಂದುಗೂಡಿಸಲು ಹೋಗಿ ಕೆಟ್ಟನೆಂದು ಹೇಳಿದರು. ಮನೆಯ ಆಳುಕಾಳುಗಳಿಗೆ ಆ ಹುಡುಗನ ಕೊರತೆ ಏನೆಂಬುದು ತಿಳಿದಿತ್ತು.

ಪ್ರಭುವು ತಲೆಯನ್ನು ಬೋಳಿಸಿಕೊಂಡು ಕಪ್ಪುಡುಗೆಯನ್ನುಟ್ಟು ದುಃಖಿಸಿದನೆಂದು ಫ್ರ್ವಾಸಾರನು ಹೇಳುತ್ತಾನೆ. ಫೀಬಸನು ರಚಿಸಿದ ಪ್ರಾರ್ಥನೆಗಳ ಪುಸ್ತಕವೊಂದು ಉಳಿದುಬಂದಿದೆ. ಅದರಲ್ಲಿ ಕಾಣುವ ಪಶ್ಚಾತ್ತಾಪವನ್ನು ಅನೇಕರು ಮಗನ ಸಾವಿಗೆ ಸಂಬಂಧಿಸುತ್ತಾರೆ. ೧೩೮೭ರಲ್ಲಿ ಆತನು ಬೇಟೆಯನ್ನು ಕುರಿತು ಬರೆಯಲಾರಂಭಿಸಿದ ಗ್ರಂಥವಂತೂ ಇಂದಿಗೂ ಪ್ರಸಿದ್ಧವಾಗಿದೆ. ಅದರ ಒಂದು ಸುಂದರವಾದ ಸಚಿತ್ರ ಹಸ್ತಪ್ರತಿಯು ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ನಾಯಿಗಳ ಸ್ವಭಾವವೇನು, ಅವುಗಳ ಕಾಯಿಲೆಗೆ ಮದ್ದೇನು, ಅವು ಮಲಗುವ ಸ್ಥಳವು ಹೇಗಿರಬೇಕು ಎಂಬುದನ್ನೆಲ್ಲ ಆತನು ಅದರಲ್ಲಿ ತಾಳ್ಮೆಯಿಂದ ವಿವರಿಸಿದ್ದಾನೆ. ಅಷ್ಟು ತಾಳ್ಮೆಯಿದ್ದವನು ಮನೆಯಲ್ಲಿ ಅದರಲ್ಲಿ ಸ್ವಲ್ಪವನ್ನು ವ್ಯಯಮಾಡಿದ್ದರೆ ಎಂದು ನಮಗೆ ಅನಿಸದಿರದು.

ಹಣದ ಲೆಕ್ಕವಾದರೋ ಕೊನೆಯವರೆಗೂ ಬಿಡಲಿಲ್ಲ. ಬಂಧುವರ್ಗದ ಜೇನ್ ಎಂಬ ಹೆಣ್ಣುಮಗುವೊಂದು ಎಳೆತನದಿಂದ ಒರ್ತೆಜಿನಲ್ಲಿ ಬೆಳೆಯುತ್ತಿದ್ದಳು. ೧೩೮೯ರಲ್ಲಿ, ಸುಮಾರು ಹನ್ನೆರಡು ವರ್ಷದ ಆಕೆಯನ್ನು ಐವತ್ತರ ಹತ್ತಿರದ ವಿಧುರನಾದ ಬೆರಿಯ ಡ್ಯೂಕನಿಗೆ ಕೊಟ್ಟು ಮದುವೆ ಮಾಡಿದರು. ಇಷ್ಟು ವರ್ಷ ಸಾಕಿದ ವೆಚ್ಚವೆಂದು ಫೀಬಸನು ವರನಿಂದ ಮೂವತ್ತು ಸಾವಿರ ಫ್ರಾಂಕುಗಳನ್ನು ತೆಗೆದುಕೊಂಡನಂತೆ. ೧೩೯೦ರ ಜನವರಿಯಲ್ಲಿ ಒಂದು ಲಕ್ಷ ಫ್ರಾಂಕುಗಳನ್ನು ಪಡೆದು, ತನ್ನ ನಂತರ ರಾಜ್ಯವು ಫ್ರಾನ್ಸಿನ ದೊರೆಗೆ ಸೇರತಕ್ಕದ್ದೆಂದು ಒಪ್ಪಂದಮಾಡಿಕೊಂಡನು. ದೇವರ ಹೊರತು ಯಾರಿಗೂ ತಲೆಬಾಗೆನೆಂದವನು, ಕೈಗೆ ಕೊಡಲು ಮಗನಿಲ್ಲದುದರಿಂದ ನಾಡನ್ನೇ ಕ್ರಯಕ್ಕೆ ಕೊಟ್ಟಂತಾಯಿತು.

೧೩೯೧ನೆಯ ಆಗಸ್ಟ್ ೧ರಂದು ಕರಡಿಯ ಬೇಟೆಯಿಂದ ಹಿಂದಿರುಗಿ, ಊಟಕ್ಕೆ ಮುಂಚೆ ಕೈತೊಳೆಯುತ್ತಿರುವಾಗ ಫೀಬಸನು ಕುಸಿದುಬಿದ್ದು ತೀರಿಕೊಂಡನು. ಬೊಕ್ಕಸದಲ್ಲಿ ಏಳು ಲಕ್ಷಕ್ಕೂ ಮೀರಿ ಚಿನ್ನದ ಫ್ಲೋರಿನ್ ನಾಣ್ಯಗಳಿದ್ದುವು. ಅದನ್ನು ಕೈವಶಮಾಡಿಕೊಳ್ಳಲು ಇವೇನನು ತಂದೆಯ ಉಂಗುರವನ್ನು ಹಿಡಿದು ಒರ್ತೆಜಿಗೆ ಧಾವಿಸಿದನು. ಪಟ್ಟಣದ ಜನರು ಒಪ್ಪಲಿಲ್ಲ. ಕಡೆಗೆ ರಾಜ್ಯವು ಫ್ರಾನ್ಸಿಗೂ ಹೋಗಲಿಲ್ಲ; ಫೀಬಸನಿಗೆ ಸ್ವಲ್ಪವೂ ಹಿಡಿಸದಿದ್ದ ದಾಯಾದಿ ಮ್ಯಾಥ್ಯೂ ಎಂಬವನಿಗೆ ಹೋಯಿತು. ಅವನೂ ಏಳು ವರ್ಷಗಳಲ್ಲಿ ಮಕ್ಕಳಿಲ್ಲದೆ ಸತ್ತನು.

ಇವೇನನ ಕೊನೆಯೂ ಘೋರವಾದುದೇ. ೧೩೯೩ರ ಜನವರಿಯಲ್ಲಿ ಪ್ಯಾರಿಸಿನ ಅರಮನೆಯ ನೃತ್ಯವೊಂದರಲ್ಲಿ ದೊರೆ ಆರನೆಯ ಚಾರ್ಲ್ಸನೂ ಐದು ಮಂದಿ ಗೆಳೆಯರೂ ಕಾಡುಮನುಷ್ಯರ ವೇಷವನ್ನು ಧರಿಸಿದ್ದರು. ರಾಳವನ್ನು ಬಳಿದು ನಾರನ್ನು ಅಂಟಿಸಿದ ಆ ಉಡುಪಿಗೆ ಪಂಜಿನ ಕಿಡಿ ತಾಗಿತು. ನಾಲ್ವರು ಬೆಂದು ಸತ್ತರು; ಅವರಲ್ಲಿ ಇವೇನನೂ ಒಬ್ಬನು. ದೊರೆಯ ಮೇಲೆ ತನ್ನ ಉಡುಪಿನ ಸೆರಗನ್ನು ಹೊದಿಸಿ ಅವನ ಪ್ರಾಣವನ್ನುಳಿಸಿದವಳು ಬೆರಿಯ ಡಚೆಸ್. ಮೂವತ್ತು ಸಾವಿರ ಫ್ರಾಂಕುಗಳಿಗೆ ಮದುವೆಯಾಗಿ ಹೋದ, ಒರ್ತೆಜಿನಲ್ಲಿ ಬೆಳೆದ ಅದೇ ಜೇನ್. ಆಗ ಆಕೆಗೆ ಹದಿನೈದು ವರ್ಷಗಳ ಪ್ರಾಯ. ಒಂದೇ ಮನೆಯಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬನು ಆ ಬೆಂಕಿಗೆ ಆಹುತಿಯಾದನು. ಇನ್ನೊಬ್ಬಳು ಅದೇ ಬೆಂಕಿಯಿಂದ ಒಂದು ಜೀವವನ್ನು ಕಸಿದುಕೊಂಡಳು.

ಒರ್ತೆಜಿನ ಮೊಂಕಾಡ್ ಗೋಪುರವು ಇಂದಿಗೂ ನಿಂತಿದೆ. ಅದರಲ್ಲಿದ್ದ ಚಿನ್ನವು ಆಗ್ನೆಸಳ ಬಳುವಳಿಯ ಬಾಕಿಯ ಎಷ್ಟೋ ಪಾಲು ಹೆಚ್ಚಿನದಾಗಿದ್ದಿರಬೇಕು. ಆ ಬಾಕಿ ಎಂದಿಗೂ ಬಾರದಿದ್ದರೂ ಫೀಬಸನಿಗೆ ಬಡತನವು ಬರುತ್ತಿರಲಿಲ್ಲ. ಗಂಡಹೆಂಡಿರ ನಡುವೆ, ಬೀಗರ ನಡುವೆ ಲೆಕ್ಕಗಳಿರುವುದು ಲೋಕದಲ್ಲಿ ಸಹಜವೇ. ಆದರೆ ದೊಡ್ಡವರು ತಮ್ಮತಮ್ಮಲ್ಲಿ ತೀರಿಸಿಕೊಳ್ಳದ ಲೆಕ್ಕವು ಕೊನೆಗೆ ಮಕ್ಕಳ ತಲೆಯ ಮೇಲೆ ಬರುತ್ತದೆ. ತಾಯಿಯು ಮನೆಗೆ ಬರಲೆಂದು ಪುಡಿಯ ಚೀಲವನ್ನು ಎದೆಯಲ್ಲಿ ಕಟ್ಟಿಕೊಂಡು ಪರ್ವತಗಳನ್ನು ದಾಟಿ ಬಂದ ಆ ಹುಡುಗನನ್ನು ನೆನೆದಾಗ, ಹಣವೆಣಿಸುವ ಮುಂಚೆ ತೊಟ್ಟಿಲ ಕಡೆಗೆ ಒಮ್ಮೆ ನೋಡುವುದು ಎಲ್ಲ ಗೃಹಸ್ಥರಿಗೂ ಲೇಸೆಂದು ನಮಗೆ ತೋರುತ್ತದೆ.